ಒಂದೆಳೆಯೂ ನಾರಿಲ್ಲದ ಹಣ್ಣು

ಏಪ್ರಿಲ್ 3

ಮಾವಿನ ನರ್ಸರಿಯ ಮಾಲೀಕರಿಗೆ,

ನಮಸ್ಕಾರ. ನಿಮ್ಮ ಗೇಟಿನ ಬೋರ್ಡಿನಲ್ಲಿ "ಫೋನ್ ಮಾಡಬೇಡಿ, ಬರೆದು ಕೇಳಿ" ಎಂದಿದೆಯಂತೆ. ನನ್ನ ಗಿರಾಕಿಯೊಬ್ಬರು ಹೇಳಿದರು. ಯಾವ ಮಾವನ್ನಾದರೂ ನೀವು ಗುರುತು ಹಿಡಿಯುತ್ತೀರಿ ಎಂದೂ ಹೇಳಿದರು. ಅದಕ್ಕೇ ಈ ಕಾಗದ.

ನಾನು ಹಲ್ಲು ಕಟ್ಟುವವನು. ಹಲ್ಲಿನ ಡಾಕ್ಟರು ಅಳತೆ ಕಳಿಸುತ್ತಾರೆ, ನಾನು ಸೆಟ್ ಮಾಡಿ ಕೊಡುತ್ತೇನೆ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮನೆಯಲ್ಲಿ ಮೂರನೆಯವರು ಅತ್ತೆ, ಅವಳ ತಾಯಿ. ಫೆಬ್ರವರಿಯಲ್ಲಿ ಅವರಿಗೆ ಮಂಡಿಯ ಆಪರೇಷನ್ ಆಯಿತು. ಅವರ ಮನೆ ಮೂರನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ಮೆಟ್ಟಿಲು ಹತ್ತುವಂತಾಗುವವರೆಗೆ, ಅಂದರೆ ಜೂನ್ ಕೊನೆಯವರೆಗೆ, ನಮ್ಮಲ್ಲೇ ಇರುತ್ತಾರೆ.

ನಾಚಿಕೆ ಬಿಟ್ಟು ಹೇಳುತ್ತೇನೆ. ಮದುವೆಯಾಗಿ ಇಪ್ಪತ್ತಮೂರು ವರ್ಷವಾದರೂ ಅತ್ತೆ ನನ್ನೊಡನೆ ನೇರವಾಗಿ ಒಂದು ಮಾತೂ ಆಡಿಲ್ಲ. ಜಗಳವೇನೂ ಇಲ್ಲ. ನಾನು ಎದುರಿಗೇ ಕೂತಿದ್ದರೂ ಮಗಳ ಕಡೆ ತಿರುಗಿ, "ನಿನ್ನ ಗಂಡನಿಗೆ ಹೇಳು, ಫ್ಯಾನ್ ಕಡಿಮೆ ಮಾಡ್ಲಿ" ಎನ್ನುತ್ತಾರೆ. ನನಗೆ ಕೇಳಿಸಿರುತ್ತದೆ, ಸ್ವಿಚ್ಚೂ ಕೈಗೆಟಕುವಷ್ಟು ಹತ್ತಿರದಲ್ಲಿರುತ್ತದೆ. ಆದರೂ ಹೆಂಡತಿ "ರೀ, ಫ್ಯಾನ್ ಕಡಿಮೆ ಮಾಡಬೇಕಂತೆ" ಎಂದ ಮೇಲೆಯೇ ನಾನು ಏಳುವುದು. ಯಾಕೆ ಹೀಗೆ ಎಂದು ಇವತ್ತಿಗೂ ತಿಳಿದಿಲ್ಲ. ಸ್ವಭಾವವೇ ಹಾಗೇನೋ ಎನ್ನೋಣವೆಂದರೆ, ಹಾಲಿನವನ ಜೊತೆ ಅರ್ಧ ಗಂಟೆ ಮಾತಾಡುತ್ತಾರೆ.

ಮೊನ್ನೆ ಮಾವಿನ ಹಣ್ಣು ತಂದಿದ್ದೆ. ಒಂದು ಹೋಳು ಬಾಯಿಗಿಟ್ಟು, "ನಮ್ಮನೆ ಮರದ ಹಣ್ಣಿನ ಮುಂದೆ ಇದೆಲ್ಲ ಸಪ್ಪೆ. ಇನ್ನೊಂದ್ಸಲ ಅದನ್ನ ತಿನ್ನೋ ಯೋಗ ಇದ್ಯೋ ಇಲ್ವೋ" ಎಂದು ಗೋಡೆಗೆ ಹೇಳಿದರು. ಅವರ ಹಳೇ ಮನೆಯ ಹಿತ್ತಲಲ್ಲಿದ್ದ ಆ ಮರ ಈಗಿಲ್ಲ. ನಮ್ಮ ಮದುವೆಯ ವರ್ಷವೇ ಕಾಂಪೌಂಡ್ ಗೋಡೆಗಾಗಿ ಅದನ್ನು ಕಡಿದರಂತೆ. ಹೆಸರು ಯಾರಿಗೂ ಗೊತ್ತಿಲ್ಲ. ಹೆಂಡತಿಯನ್ನು ಕೇಳೋಣವೆಂದರೆ, ಮಾವು ಮುಟ್ಟಿದರೆ ಅವಳಿಗೆ ತುಟಿ ಊದಿಕೊಳ್ಳುತ್ತದೆ. ಚಿಕ್ಕಂದಿನಿಂದಲೂ ಆ ಮರದ ಹತ್ತಿರ ಸುಳಿದವಳಲ್ಲ.

ಅತ್ತೆ ಹೇಳಿ, ಹೆಂಡತಿ ನನಗೆ ದಾಟಿಸಿದ ವಿವರ ಇಷ್ಟು: ಬಹಳ ಸಿಹಿ, ಚಿನ್ನದ ಬಣ್ಣ, ಒಳ್ಳೆಯ ವಾಸನೆ, ಒಂದೆಳೆಯೂ ನಾರಿಲ್ಲ. ಇದು ಯಾವ ತಳಿ? ಆ ಹಣ್ಣನ್ನು ತಂದು ಮುಂದಿಟ್ಟರೆ ಅತ್ತೆ ನನ್ನ ಮುಖ ನೋಡಿ ಒಂದು ಮಾತು ಆಡಿಯಾರು ಎಂದು ಆಸೆ. ಅವರು ಮೆಟ್ಟಿಲು ಹತ್ತಿ ಹೋಗುವುದರೊಳಗೆ ಆಗಬೇಕು.

ಇಂತಿ,
ಹಲ್ಲು ಕಟ್ಟುವವನು


ಏಪ್ರಿಲ್ 9

ಹಲ್ಲು ಕಟ್ಟುವ ಮಹಾಶಯರಿಗೆ,

ನಿಮ್ಮ ಕಾಗದದಲ್ಲಿ ಅತ್ತೆಯ ವಿಷಯ ಒಂದೂವರೆ ಪುಟ, ಹಣ್ಣಿನ ವಿಷಯ ಒಂದು ಸಾಲು. ನಾನು ಗುರುತು ಹಿಡಿಯುವುದು ಹಣ್ಣನ್ನು.

ಸಿಹಿ ಎಂದು ಯಾರೂ ನನಗೆ ಬರೆಯಬಾರದು. ಮೂವತ್ತು ವರ್ಷದಲ್ಲಿ "ನಮ್ಮನೆ ಹಣ್ಣು ಹುಳಿಯಾಗಿತ್ತು" ಎಂದು ಬರೆದವರು ಒಬ್ಬರಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಚಿನ್ನದ ಬಣ್ಣ ಎಂದರೆ ಯಾವ ಚಿನ್ನ? ಮದುವೆಗೆ ಕೊಂಡದ್ದೋ, ಗಿರವಿ ಅಂಗಡಿಯಿಂದ ವಾಪಸ್ ಬಂದದ್ದೋ?

ಇದನ್ನು ಕೇಳಿ ಬರೆಯಿರಿ. ತೊಟ್ಟು ನಡುವೆ ಕೂತಿತ್ತೋ, ಪಕ್ಕಕ್ಕೋ? ಭುಜ ಎರಡೂ ಸಮವೋ, ಒಂದು ಎತ್ತರವೋ? ತುದಿಯಲ್ಲಿ ಮೂತಿ ಇತ್ತೋ? ಹಣ್ಣಾದಾಗ ಸಿಪ್ಪೆ ಪೂರ್ತಿ ಬಣ್ಣ ತಿರುಗುತ್ತಿತ್ತೋ, ಹಸಿರೇ ಉಳಿಯುತ್ತಿತ್ತೋ? ತೊಟ್ಟು ಮುರಿದಾಗ ಸೊನೆಯ ವಾಸನೆ ಯಾವುದರ ಹಾಗಿತ್ತು? ಗೊರಟೆ ದಪ್ಪವೋ, ಚಪ್ಪಟೆಯೋ?

ನಿಮ್ಮ ಅತ್ತೆ ಹೇಳಿ, ನಿಮ್ಮ ಹೆಂಡತಿ ಕೇಳಿ, ನೀವು ಬರೆದು, ನಾನು ಓದುವಷ್ಟರಲ್ಲಿ ಹಣ್ಣು ಹಲಸಾಗದಿದ್ದರೆ ಸಾಕು.

ನರ್ಸರಿಯವಳು


ಏಪ್ರಿಲ್ 17

ನರ್ಸರಿ ಮೇಡಂ ಅವರಿಗೆ,

ಬೈದದ್ದು ತಲುಪಿತು. ನಾಲ್ಕೈದು ದಿನದಲ್ಲಿ ಕೇಳಿ ಬರೆದುಕೊಂಡದ್ದು ಇದು.

ತೊಟ್ಟು ಪಕ್ಕಕ್ಕೆ. ಎಡಭುಜ ಎತ್ತರ. ಮೂತಿ ಇದೆ, ಚಿಕ್ಕದು. ಸಿಪ್ಪೆ ಹಣ್ಣಾದರೂ ಹಸಿರು, ಭುಜದ ಮೇಲೆ ಮಾತ್ರ ಹಳದಿ. ಸಿಪ್ಪೆ ಹೇಗಿತ್ತು ಎಂದು ಕೇಳಿದ್ದಕ್ಕೆ ಹೆಂಡತಿ "ಲೈನಿಂಗ್ ಬಟ್ಟೆ ಥರ ತೆಳು" ಎಂದು ಬರೆಸಿದ್ದಾಳೆ. ಇದು ಅತ್ತೆಯ ಮಾತೋ ಟೈಲರಿನ ಮಾತೋ ನಾನು ಹೇಳಲಾರೆ. ಸೊನೆಯ ವಾಸನೆ ಸೋಂಪಿನ ಹಾಗೆ. ಗೊರಟೆ ಬಾಚಣಿಗೆಯಷ್ಟು ಚಪ್ಪಟೆ.

ತಿರುಳಿನ ಬಣ್ಣಕ್ಕೆ ನನ್ನದೇ ದಾರಿ ಹಿಡಿದೆ. ಹಲ್ಲಿನ ಬಣ್ಣ ಹೊಂದಿಸಲು ನಮ್ಮಲ್ಲಿ ಹದಿನಾರು ಮಾದರಿ ಹಲ್ಲುಗಳ ಪಟ್ಟಿ ಇರುತ್ತದೆ, ಬಿಳಿಯಿಂದ ಹಿಡಿದು ಬೀಡಿ ಸೇದುವವರ ಹಳದಿಯವರೆಗೆ. ಹೆಂಡತಿಯ ಕೈಲಿ ಅತ್ತೆಗೆ ತೋರಿಸಿದೆ. "ನಿನ್ನ ಗಂಡನಿಗೆ ಹೇಳು, ತಿನ್ನೋ ಹಣ್ಣಿಗೆ ಹಲ್ಲು ತೋರಿಸ್ಬಾರ್ದು ಅಂತ" ಎಂದರು. ಎಂದವರೇ ಕೊನೆಯ ಹಲ್ಲನ್ನು ಬೆರಳಿಂದ ಮುಟ್ಟಿ, "ಇದಕ್ಕಿಂತ ಎರಡು ಪಟ್ಟು ಗಾಢ" ಎಂದರಂತೆ. ಅವರ ಬಾಯಲ್ಲಿ, ದೃಷ್ಟಿ ತಾಗದಿರಲಿ, ಎಪ್ಪತ್ತನಾಲ್ಕನೇ ವಯಸ್ಸಿನಲ್ಲೂ ಮೂವತ್ತೊಂದು ಸ್ವಂತ ಹಲ್ಲು. ಹೀಗಾಗಿ ಕಸುಬಿನ ನೆಪದಲ್ಲಾದರೂ ಮಾತಾಡಿಸುವ ದಾರಿ ನನಗಿಲ್ಲ.

ನಾರಿನ ವಿಷಯ ನೀವು ಕೇಳಿರಲಿಲ್ಲ. ಆದರೂ ಅತ್ತೆ ಎರಡು ಸಲ ಬರೆಸಿದರು: ಒಂದೆಳೆಯೂ ಇಲ್ಲ, ಬೆಣ್ಣೆ.

ಹಲ್ಲಿನವನು


ಏಪ್ರಿಲ್ 22

ಹಲ್ಲಿನವರಿಗೆ,

ಈಗ ಅದು ಹಣ್ಣಿನ ಹಾಗೆ ಕಾಣುತ್ತಿದೆ. ಆದರೆ ನಾರಿಲ್ಲದ, ಸೋಂಪಿನ ವಾಸನೆಯ, ಚಪ್ಪಟೆ ಗೊರಟೆಯ ಹಸಿರು ಹಣ್ಣು ನನ್ನ ತೋಟದಲ್ಲಿಲ್ಲ, ಪುಸ್ತಕದಲ್ಲೂ ಇಲ್ಲ. ಮೂರು ತಳಿ ಹತ್ತಿರ ಬಂದು ಮೂರೂ ತಪ್ಪಿಹೋದವು. ಮೂತಿ ಯಾವ ಕಡೆಗೆ ಬಾಗಿತ್ತು, ಎಷ್ಟು ಬಾಗಿತ್ತು, ಭುಜದ ಇಳಿಜಾರು ಎಷ್ಟು, ಇವು ಸರಿಯಾಗಿ ಬೇಕು. ಮಾತಲ್ಲಿ ಆಗದಿದ್ದರೆ ಚಿತ್ರ ಬರೆದು ಕಳಿಸಿ.

ನರ್ಸರಿಯವಳು


ಮೇ 2

ನರ್ಸರಿ ಮೇಡಂ,

ಚಿತ್ರ ನನಗೆ ಬರುವುದಿಲ್ಲ, ಮೇಣ ಬರುತ್ತದೆ. ದವಡೆಯ ಅಚ್ಚಿಗೆ ಬಳಸುವ ಗುಲಾಬಿ ಮೇಣದಲ್ಲಿ ಒಂದು ಮಾವಿನ ಹಣ್ಣು ಮಾಡಿ ಊಟದ ಮೇಜಿನ ಮೇಲಿಟ್ಟೆ. ಅತ್ತೆ ನೋಡಿದರು. "ನಿನ್ನ ಗಂಡನಿಗೆ ಹೇಳು, ಬದನೆಕಾಯಿ ಚೆನ್ನಾಗಿದೆ ಅಂತ." ಹೆಂಡತಿ ನನಗೆ ದಾಟಿಸಿದ್ದು "ಇನ್ನೂ ಸ್ವಲ್ಪ ತಿದ್ದಬೇಕಂತೆ" ಎಂದು. ಇಷ್ಟು ವರ್ಷ ಇನ್ನೆಷ್ಟನ್ನು ಹೀಗೆ ಸೋಸಿ ಕೊಟ್ಟಿದ್ದಾಳೋ.

ಮಾರನೆಯ ದಿನ ಆಸ್ಪತ್ರೆಗೆ ಎರಡು ಸೆಟ್ ಕೊಟ್ಟು ಮನೆಗೆ ಬಂದೆ. ನೋಡಿದರೆ ಮೇಣದ ಎಡಭುಜ ಎತ್ತರವಾಗಿದೆ. ಬಲಗಡೆ ಹೆರೆದಿದ್ದಾರೆ, ಹೆರೆದ ಚೂರುಗಳನ್ನು ಕಾಗದದ ಮೇಲೆ ಒತ್ತಟ್ಟಿಗೆ ಇಟ್ಟಿದ್ದಾರೆ. ನನ್ನ ಮೇಣದ ಚಾಕು ತೊಳೆದು ಒರೆಸಿ ಇದ್ದ ಜಾಗಕ್ಕೇ ವಾಪಸ್ ಹೋಗಿದೆ. ಅತ್ತೆ ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದರು. ಮರುದಿನ ಕೆಲಸಕ್ಕೆ ಹೋಗುವ ಮುಂಚೆ ಇನ್ನಷ್ಟು ಮೇಣ, ಕೈ ನೋಯದ ಒಂದು ಚಿಕ್ಕ ಚಾಕು, ಒಂದು ಬಟ್ಟಲು ಬಿಸಿನೀರು ಇಟ್ಟು ಹೋದೆ. ಸಂಜೆ ಮೂತಿ ಬಂದಿತ್ತು. ಅದು ಅವರಿಗೆ ಸರಿ ಬಂದಿಲ್ಲವೆಂದು ತೋರಿತು. ನಾನು ಒಂದು ಕೂದಲೆಳೆಯಷ್ಟು ಎಡಕ್ಕೆ ತಿರುಗಿಸಿಟ್ಟೆ. ಮರುದಿನ ಅವರು ಅದನ್ನು ಮುಟ್ಟಿರಲಿಲ್ಲ. ನನಗಾದ ಸಂತೋಷ ಹೇಳತೀರದು.

ಐದು ದಿನ ಹೀಗೆ ನಡೆಯಿತು. ಕೊನೆಯ ದಿನ ಹಣ್ಣಿನ ಕೆಳಗೆ ಒಂದು ಹೆಬ್ಬೆರಳ ಗುರುತು ಇತ್ತು, ಬೇಕೆಂದೇ ಒತ್ತಿದ ಹಾಗೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ಪಾರ್ಸೆಲ್ ಮಾಡಿದ್ದೇನೆ. ಒಡೆಯದೆ ತಲುಪಲಿ.

ಹಲ್ಲಿನವನು


ಮೇ 9

ಹಲ್ಲಿನ ಸಾಹೇಬರಿಗೆ,

ಪಾರ್ಸೆಲ್ ಬಂತು. ಮೇಲೆ ನಿಮ್ಮ ಕಸುಬಿನ ಮೊಹರು ನೋಡಿ ಪೋಸ್ಟಿನವನು, "ಅಮ್ಮಾ, ಯಾವಾಗ ಬಿದ್ವು ಎಲ್ಲಾ?" ಎಂದು ಮರುಕದಿಂದ ಕೇಳಿದ.

ಬಿಚ್ಚಿದ ತಕ್ಷಣ ಗೊತ್ತಾಯಿತು. ಆ ಹೆಬ್ಬೆರಳ ಗುರುತು ಆಟಕ್ಕೆ ಒತ್ತಿದ್ದಲ್ಲ. ಈ ಹಣ್ಣಿಗೆ ಮೂತಿಯ ಕೆಳಗೆ ಅಂಥದೇ ಒಂದು ಕುಳಿ ಇರುತ್ತದೆ. ಸಾವಿರ ಹಣ್ಣು ಕೈಯಲ್ಲಿ ಹಿಡಿದವರಿಗೆ ಮಾತ್ರ ಅದರ ನೆನಪು ಉಳಿಯುತ್ತದೆ. ನಿಮ್ಮ ಅತ್ತೆಯನ್ನು ನಾನು ಕೆಲಸಕ್ಕೆ ತೆಗೆದುಕೊಳ್ಳಲು ಸಿದ್ಧ.

ನನ್ನ ತೋಟದ ಮೂಲೆಯಲ್ಲಿ ಅದರ ಒಂದೇ ಮರ ಉಳಿದಿದೆ. ಅದನ್ನು ನೆಟ್ಟವರು ನನ್ನ ಮಾವನವರು. ಅವರು ಇಟ್ಟ ಹೆಸರು 'ಹಟಮಾರಿ'. ಇದನ್ನು ನಿಮ್ಮ ಅತ್ತೆಗೆ ಹೇಳುವುದು ಬಿಡುವುದು ನಿಮ್ಮ ಧೈರ್ಯಕ್ಕೆ ಬಿಟ್ಟದ್ದು. ಈಗ ಯಾರೂ ಅದನ್ನು ಕೇಳುವುದಿಲ್ಲ. ಹಾಗಾಗಿ ಈ ಸಲದ ಫಸಲು ಮುಗಿದ ಮೇಲೆ ತಲೆ ಕಡಿದು ಬೇರೆ ಜಾತಿಯ ಕಸಿ ಕಟ್ಟುವುದೆಂದು ತೀರ್ಮಾನಿಸಿದ್ದೇನೆ. ಜೂನ್ ಕೊನೆಗೆ ಗರಗಸದವನು ಬರುತ್ತಾನೆ.

ಆದರೆ ಒಂದು ತೊಡಕು. ಬಣ್ಣ, ಭುಜ, ಸೊನೆ, ಗೊರಟೆ, ಕುಳಿ, ಎಲ್ಲ ಹೊಂದುತ್ತವೆ. ನಾರು ಮಾತ್ರ ಹೊಂದುವುದಿಲ್ಲ. ಹಟಮಾರಿ ಎಂದರೆ ನಾರೇ ನಾರು. ಗೊರಟೆಯನ್ನು ಬಿಡುವುದೇ ಇಲ್ಲ, ಅದಕ್ಕೇ ಆ ಹೆಸರು. ಮೂತಿಯ ಕೆಳಗಿನ ಕುಳಿಯನ್ನೂ ಮರೆಯದವರು ಬಾಯಿ ತುಂಬ ನಾರಿದ್ದದ್ದನ್ನು ಮರೆಯುತ್ತಾರೆಯೇ? ಹಣ್ಣು ಸುಳ್ಳು ಹೇಳುವುದಿಲ್ಲ. ಆ ಮರದ ಹಣ್ಣು ತಿಂದವರು ಬೇರೆ ಯಾರಾದರೂ ಇದ್ದರೆ ಕೇಳಿ ಬರೆಯಿರಿ. ಅನುಮಾನ ಇಟ್ಟುಕೊಂಡು ನಾನು ಹಣ್ಣು ಕಳಿಸುವವಳಲ್ಲ.

ನರ್ಸರಿಯವಳು


ಮೇ 20

ನರ್ಸರಿ ಮೇಡಂ,

ಕೇಳಿದ್ದೇ ತಪ್ಪಾಯಿತೇನೋ. "ಬೇರೆ ಯಾರಾದ್ರೂ ತಿಂದಿದ್ರಾ, ನಾರಿತ್ತಾ ಅಂತ ನರ್ಸರಿಯವ್ರು ಕೇಳ್ತಿದಾರೆ" ಎಂದು ಹೆಂಡತಿ ಹೇಳಿದಳು. ಅತ್ತೆ ಓದುತ್ತಿದ್ದ ಪೇಪರನ್ನು ಮಡಿಸಿಟ್ಟರು. "ತಿಂದವ್ರು ಈ ಮನೇಲೇ ಇದಾರೆ. ಅವ್ರನ್ನೇ ಕೇಳು" ಎಂದರು. ಆಮೇಲೆ ಎರಡು ದಿನ ಹಾಲಿನವನ ಜೊತೆಯೂ ಮಾತಿಲ್ಲ.

ಹೆಂಡತಿ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಪಾಪ, ವಯಸ್ಸಾಯಿತು, ಮಗಳೂ ತಿಂದಿದ್ದಳೆಂದು ತಿಳಿದಿರಬೇಕು. ನೀವು ನಾರಿನ ವಿಷಯ ಬಿಟ್ಟುಬಿಡಿ. ಅವರು ಈಗ ಕೋಲಿಲ್ಲದೆ ಹಾಲ್‌ನಿಂದ ಅಡುಗೆಮನೆಗೆ ನಡೆಯುತ್ತಿದ್ದಾರೆ. ದಿನ ಹೆಚ್ಚಿಲ್ಲ.

ಹಲ್ಲಿನವನು


ಮೇ 25

ಹಲ್ಲಿನ ಸಾಹೇಬರಿಗೆ,

ನಿಮ್ಮ ಮನೆಯಲ್ಲಿ ಇರುವುದು ಮೂರು ಜನ. ಒಬ್ಬರು ಅತ್ತೆ. ಇನ್ನೊಬ್ಬಳಿಗೆ ತುಟಿ ಊದುತ್ತದೆ. ನಾನು ಲೆಕ್ಕದಲ್ಲಿ ದಡ್ಡಿ, ಆದರೂ ಒಬ್ಬರು ಉಳಿಯುತ್ತಾರೆ.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಹೋಗಿ ಹೆಂಡತಿಯನ್ನು ಕೇಳಿ.

ನರ್ಸರಿಯವಳು


ಜೂನ್ 8

ಅಕ್ಕನಿಗೆ,

ಹೀಗೆ ಕರೆಯಬಹುದೋ ಇಲ್ಲವೋ ತಿಳಿಯದು. ಮೇಡಂ ಎಂದು ಇದನ್ನು ಬರೆಯಲು ಕೈ ಬರಲಿಲ್ಲ. ಎರಡು ವಾರ ಯೋಚನೆಯಲ್ಲೇ ಕಳೆಯಿತು.

ಹೆಂಡತಿಯನ್ನು ಕೇಳಿದೆ. ಹೊಲಿಗೆ ಮಿಷನ್ ನಿಲ್ಲಿಸಿ ಹೇಳಿದಳು: "ನಿಮಗೆ ನೆನಪಿದೆ ಅಂದ್ಕೊಂಡಿದ್ದೆ ರೀ. ನೆನಪಿದ್ದೂ ಸುಮ್ನಿದೀರಾ ಅಂತಾನೇ ಅಮ್ಮಂಗೆ ಸಿಟ್ಟು."

ಇಪ್ಪತ್ತಮೂರು ವರ್ಷದ ಹಿಂದೆ ನಾನು ಹುಡುಗಿ ನೋಡಲು ಅವರ ಮನೆಗೆ ಹೋಗಿದ್ದೆ. ಕಸುಬು ಹೊಸದು, ಬಾಯಿ ದೊಡ್ಡದು. ಅತ್ತೆ ತಟ್ಟೆಯಲ್ಲಿ ಹಣ್ಣು ತಂದಿಟ್ಟರು. ನಾನು ತಿಂದೆ. ಹಲ್ಲಿನ ಸಂದಿಯಿಂದ ಒಂದು ಎಳೆ ಎಳೆದು ಎಲ್ಲರಿಗೂ ತೋರಿಸಿ, "ಇಂಥ ಮರ ಬೀದಿಗೊಂದು ಇದ್ರೆ ನಮ್ಮ ಕಸುಬಿಗೆ ಬರಗಾಲವೇ ಇಲ್ಲ. ಇದು ಹಣ್ಣೋ, ತೆಂಗಿನ ಸಿಪ್ಪೆಯೋ?" ಎಂದೆನಂತೆ. ಕೂತಿದ್ದವರೆಲ್ಲ ನಕ್ಕರಂತೆ. ನಕ್ಕದ್ದು ಮಾತ್ರ ನನಗೆ ನೆನಪಿದೆ ಅಕ್ಕಾ. ಹೆಣ್ಣಿನ ಮನೆಯವರನ್ನು ನಗಿಸಿಬಿಟ್ಟೆ ಎಂದು ಬಸ್ಸಿನುದ್ದಕ್ಕೂ ಹಿಗ್ಗಿಕೊಂಡು ಬಂದವನು ನಾನು. ಯಾತಕ್ಕೆ ನಕ್ಕರು ಎಂಬುದು ಮರೆತೇಹೋಗಿತ್ತು.

ಅವು ಆ ಮರದ ಕೊನೆಯ ಹಣ್ಣುಗಳು. ಕಡಿಯುವುದು ಆಗಲೇ ಗೊತ್ತಾಗಿತ್ತಂತೆ. ಅತ್ತೆ ಬುಟ್ಟಿಯಲ್ಲಿ ಆರಿಸಿ ಆರಿಸಿ, ಮನೆಯವರಿಗೂ ಕೊಡದೆ, ಬರುವ ಹುಡುಗನಿಗೆಂದು ಎತ್ತಿಟ್ಟಿದ್ದರಂತೆ. ಅವತ್ತಿನಿಂದ ಅವರ ಹಣ್ಣಿನಲ್ಲಿ ಒಂದೆಳೆಯೂ ನಾರಿಲ್ಲ. ನನ್ನ ಜೊತೆ ಒಂದು ಮಾತೂ ಇಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಣ್ಣು ಕಳಿಸಬೇಡಿ. ಯಾವ ಮುಖ ಇಟ್ಟುಕೊಂಡು ಅದನ್ನು ಅವರ ಮುಂದೆ ಇಡಲಿ? ಅದರಲ್ಲಿ ನಾರಿದೆ. ನಾನು ಹೇಳಿದ್ದೇ ಸರಿಯಿತ್ತೆಂದು ತೋರಿಸಲು ತಂದ ಹಾಗಾಗುತ್ತದೆ. ಡಾಕ್ಟರು 28ಕ್ಕೆ ಮೆಟ್ಟಿಲು ಹತ್ತಬಹುದು ಎಂದಿದ್ದಾರೆ. ಸುಮ್ಮನೆ ಕಳಿಸಿಕೊಡುತ್ತೇನೆ.

ನಿಮ್ಮ ತಮ್ಮ


ಜೂನ್ 13

ತಮ್ಮನಿಗೆ,

ಕರೆಯಬಹುದೋ ಎಂದು ಕೇಳಿ ಕರೆಯುವ ತಮ್ಮಂದಿರು ನನಗೆ ಇಷ್ಟವಿಲ್ಲ. ಸುಮ್ಮನೆ ಕರೆ.

ಈ ಕಾಗದದ ಜೊತೆಗೇ ಬುಟ್ಟಿ ಬರುತ್ತಿದೆ. ಐದು ಹಣ್ಣುಗಳಿವೆ. ಬೇಡ ಎಂದರೆ ನಿಲ್ಲುವವಳು ನಾನಲ್ಲ, ನನ್ನ ಜಾಗದಲ್ಲಿ ನಿನ್ನ ಅತ್ತೆ ಇದ್ದಿದ್ದರೆ ಅವರೂ ಹೀಗೇ ಮಾಡುತ್ತಿದ್ದರು. ಭುಜ ಹಳದಿ ತಿರುಗಿದ ಮೇಲೆ ಎರಡು ದಿನ ಕಾಯಬೇಕು.

ಚಾಕು ಮುಟ್ಟಿಸಬೇಡ. ತಪ್ಪಾದದ್ದು ಅಲ್ಲೇ ಎಂದು ನನಗೆ ಅನುಮಾನ. ಅವರು ನಿನಗೆ ಮರ್ಯಾದೆ ಮಾಡಲೆಂದು ಹೋಳು ಮಾಡಿ ತಟ್ಟೆಯಲ್ಲಿ ಕೊಟ್ಟಿರಬೇಕು. ಹಟಮಾರಿಯನ್ನು ಹೋಳು ಮಾಡಿದರೆ ನಾರು ಬಿಟ್ಟು ಇನ್ನೇನೂ ಸಿಗುವುದಿಲ್ಲ. ಇದನ್ನು ಎರಡು ಅಂಗೈ ನಡುವೆ ಮೆತ್ತಗಾಗುವವರೆಗೆ ಉರುಳಿಸಿ, ತೊಟ್ಟು ಕಿತ್ತು, ಮೊದಲ ಹನಿ ಸೊನೆ ಚೆಲ್ಲಿ, ಬಾಯಿಗಿಟ್ಟು ಹೀರಬೇಕು. ಮೊಣಕೈವರೆಗೆ ರಸ ಇಳಿಯುತ್ತದೆ. ಒಳ್ಳೆಯ ಅಂಗಿ ಹಾಕಿಕೊಳ್ಳಬೇಡ.

ಇನ್ನೊಂದು ಮಾತು, ಇಲ್ಲಿಯವರೆಗೆ ಹೇಳಿರಲಿಲ್ಲ. ಈ ಮನೆಗೆ ಸೊಸೆಯಾಗಿ ಬಂದ ವರ್ಷ ನಾನೂ ಈ ಹಣ್ಣನ್ನು ನೋಡಿ ಮೂಗು ಮುರಿದಿದ್ದೆ. ಮಾವನವರು ಮರುದಿನವೇ ನನಗೆ ಉರುಳಿಸುವುದನ್ನು ಹೇಳಿಕೊಟ್ಟರು. ಅಲ್ಲಿಂದ ಹಣ್ಣಿನ ಹುಚ್ಚು ಹಿಡಿದು ನಾನು ಕಸಿ ಕಟ್ಟುವವಳಾದೆ. ನಿನಗೆ ಯಾರೂ ಹೇಳಿಕೊಡಲಿಲ್ಲ, ನೀನೂ ಕೇಳಲಿಲ್ಲ. ನಮ್ಮಿಬ್ಬರ ನಡುವೆ ಇರುವ ವ್ಯತ್ಯಾಸ ಅಷ್ಟೇ.

ತಪ್ಪಾಯಿತು ಎಂದು ಭಾಷಣ ಮಾಡಬೇಡ. ಕೂತು ತಿನ್ನು. ಆಮೇಲೆ ನನಗೆ ಬರೆ.

ಅಕ್ಕ


ಜೂನ್ 24

ಅಕ್ಕನಿಗೆ,

ಮೊದಲು ಒಂದು ಆಜ್ಞೆ ತಲುಪಿಸುತ್ತೇನೆ, ನನ್ನದಲ್ಲ, ಅತ್ತೆಯದು. ಗರಗಸದವನಿಗೆ ಬರಬೇಡ ಎಂದು ಹೇಳಬೇಕಂತೆ. ಹೇಳದಿದ್ದರೆ ಈ ಮಂಡಿಯಲ್ಲೇ ನಿಮ್ಮ ತೋಟಕ್ಕೆ ಬಂದು ಮರದ ಕೆಳಗೆ ಕೂರುತ್ತಾರಂತೆ.

ಭಾನುವಾರ ಬೆಳಿಗ್ಗೆ ಹಣ್ಣು ಹದಕ್ಕೆ ಬಂದಿತ್ತು. ವಾಸನೆ ಮನೆಯೆಲ್ಲ ತುಂಬಿ, ಹೆಂಡತಿ ಮೂಗಿಗೆ ಸೆರಗು ಹಿಡಿದುಕೊಂಡು ಹೊಲಿಗೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಹಳೇ ಬನಿಯನ್ ಹಾಕಿಕೊಂಡು ಬುಟ್ಟಿಯನ್ನು ಅತ್ತೆಯ ಮುಂದಿಟ್ಟೆ. ಅವರು ನೋಡಿದರು. ಒಂದನ್ನು ಎತ್ತಿಕೊಂಡು, ಮೂತಿಯ ಕೆಳಗಿನ ಕುಳಿಯಲ್ಲಿ ಹೆಬ್ಬೆರಳಿಟ್ಟರು. ಸುಮಾರು ಹೊತ್ತು ಹಾಗೇ ಹಿಡಿದುಕೊಂಡಿದ್ದರು.

ಆಮೇಲೆ ಅಭ್ಯಾಸಬಲದಿಂದ ಮಗಳನ್ನು ಕರೆದರು. "ಏ, ಇಲ್ಲಿ ಬಾ. ನಿನ್ನ ಗಂಡನಿಗೆ ಹೇಳು..." ಕೋಣೆಯೊಳಗಿಂದ ಮಿಷನ್ನಿನ ಸದ್ದು ಜೋರಾಯಿತು. ಅವಳಿಗೆ ಕೇಳಿಸಲಿಲ್ಲವೋ, ಕೇಳಿಸಿಯೇ ಜೋರಾಗಿ ತುಳಿದಳೋ, ನಾನು ಕೇಳಿಲ್ಲ. ಅತ್ತೆ ಇನ್ನೊಂದು ಸಲ ಕರೆದು ಸುಮ್ಮನಾದರು.

ನಾನು ಒಂದು ಹಣ್ಣು ತೆಗೆದುಕೊಂಡು ಎದುರಿಗೆ ಕೂತೆ. ನೀವು ಬರೆದ ಹಾಗೆ ಅಂಗೈ ನಡುವೆ ಉರುಳಿಸಿದೆ, ಗಟ್ಟಿಯಾಗಿ, ಹಿಟ್ಟು ನಾದುವ ಹಾಗೆ. ಅತ್ತೆ ನನ್ನ ಕೈ ನೋಡುತ್ತಿದ್ದರು. ತಮ್ಮದನ್ನು ಮೆಲ್ಲಗೆ ಉರುಳಿಸಿ ತೋರಿಸಿದರು. ನಾನೂ ಹಾಗೇ ಮಾಡಿದೆ. ಇಬ್ಬರೂ ತೊಟ್ಟು ಕಿತ್ತೆವು, ಸೊನೆ ಚೆಲ್ಲಿದೆವು, ಬಾಯಿಗಿಟ್ಟೆವು.

ಅಕ್ಕಾ, ಸಿಹಿ ಎಂದು ನಿಮಗೆ ಬರೆಯಬಾರದು, ಗೊತ್ತು. ಇಷ್ಟು ಹೇಳುತ್ತೇನೆ, ಇಂಥದನ್ನು ಬಾಯಲ್ಲಿಟ್ಟುಕೊಂಡು ನಾನು ಆ ಮಾತು ಆಡಿದ್ದೆನಲ್ಲ ಎಂದು ಕಣ್ಣಲ್ಲಿ ನೀರು ಬಂತು. "ಅತ್ತೆ, ಆವತ್ತು ನಾನು..." ಎಂದು ಶುರುಮಾಡಿದೆ. ಅವರು ಹೀರುವುದನ್ನು ನಿಲ್ಲಿಸದೆ ಕೈಯಡ್ಡ ಮಾಡಿದರು. ಭಾಷಣ ಅಲ್ಲಿಗೆ ಮುಗಿಯಿತು.

ಗೊರಟೆ ಬಂದ ಮೇಲೆ ನಾರು ಸಿಕ್ಕಿಕೊಂಡಿತು, ಎಡಗಡೆ ಎರಡು ಕಡೆ, ಬಲಗಡೆ ಒಂದು ಕಡೆ. ನಾನು ಬಾಯಿ ಮುಚ್ಚಿಕೊಂಡು ನಾಲಿಗೆಯಲ್ಲೇ ಬಿಡಿಸಿಕೊಳ್ಳಲು ಒದ್ದಾಡುತ್ತಿದ್ದೆ. ಅತ್ತೆ ನೋಡಿದರು. ನನ್ನ ಮುಖವನ್ನೇ ನೋಡಿದರು.

"ನಾರಿದ್ಯಾ?" ಎಂದರು.

ಹೊಲಿಗೆಯ ಕೋಣೆಯ ಬಾಗಿಲು ಮುಚ್ಚಿತ್ತು. ಅವರ ಎದುರಿಗೆ ನಾನೊಬ್ಬನೇ ಇದ್ದೆ. ಇಲ್ಲ ಎನ್ನಬಹುದಿತ್ತು. ಅವರು ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಅದನ್ನೇ.

"ಇದೆ ಅತ್ತೆ. ಬಹಳ ಇದೆ" ಎಂದೆ.

ಅವರು ತಮ್ಮ ಹಲ್ಲಿನ ಸಂದಿಯಿಂದ ಉದ್ದನೆಯ ಒಂದು ಎಳೆ ಎಳೆದು ತೆಗೆದು, ಬೆಳಕಿಗೆ ಹಿಡಿದು ನೋಡಿ, ತಟ್ಟೆಯ ಅಂಚಿಗಿಟ್ಟರು.

"ಇದ್ದೇ ಇರುತ್ತೆ. ಇದು ನಾರಿನ ಹಣ್ಣೇ" ಎಂದರು. ಬುಟ್ಟಿಯಲ್ಲಿ ಉಳಿದ ಮೂರನ್ನೂ ಒತ್ತಿ ನೋಡಿ, ಹೆಚ್ಚು ಹಣ್ಣಾದದ್ದನ್ನು ಆರಿಸಿ, ನನ್ನ ಕಡೆ ಚಾಚಿದರು. "ಇನ್ನೊಂದು ತಗೋಪ್ಪ."

ನಿಮ್ಮ ತಮ್ಮ